ತಾರಸಿಯಿಂದ ಗುರು, ಶನಿಯ ಸ್ಪಷ್ಟ ಫೋಟೋ: ದಾವಣಗೆರೆ, ಚಿತ್ರದುರ್ಗದ ಹವ್ಯಾಸಿಗಳಿಗೆ ಒಂದು ಮಾರ್ಗದರ್ಶಿ

ಆರು ಇಂಚಿನ ಟೆಲಿಸ್ಕೋಪ್ ಕೊಂಡವರು ಸ್ವಲ್ಪ ದಿನದಲ್ಲೇ ಒಂದು ಪ್ರಶ್ನೆ ಕೇಳುತ್ತಾರೆ. ಐಪೀಸ್‌ಗೆ ಕಣ್ಣಿಟ್ಟು ತಾಳ್ಮೆಯಿಂದ ನೋಡಿದರೆ ಗುರುವಿನ ಪಟ್ಟೆಗಳು ಆಗಾಗ ಚೆನ್ನಾಗಿ ಕಾಣುತ್ತವೆ. ಫೋಟೋದಲ್ಲಿ ಮಾತ್ರ ಎಲ್ಲಾ ಮಸುಕು. ಕ್ಯಾಮೆರಾ ಬದಲಿಸಬೇಕಾ? ಹತ್ತು ಇಂಚಿನ ಕನ್ನಡಿಗೆ ಹೋಗಬೇಕಾ?

ಸದ್ಯಕ್ಕೆ ಎರಡೂ ಬೇಡ. ಆಗಾಗ ಆದರೂ ಪಟ್ಟೆಗಳು ಸ್ಪಷ್ಟವಾಗಿ ಕಂಡವು ಅಂದರೆ ನಿಮ್ಮ ಟೆಲಿಸ್ಕೋಪಿಗೆ ಅಷ್ಟು ತೋರಿಸುವ ಶಕ್ತಿ ಇದೆ. ಉಳಿದ ಹೊತ್ತು ಚಿತ್ರ ಕೆಡಿಸುತ್ತಿರುವುದು ಗಾಳಿ. ಅದರಲ್ಲಿ ಒಂದು ದೊಡ್ಡ ಪಾಲು ನಿಮ್ಮ ತಾರಸಿಯ ಮೇಲಿನ, ನಿಮ್ಮ ಟೆಲಿಸ್ಕೋಪಿನ ಕೊಳವೆಯೊಳಗಿನ ಗಾಳಿಯದ್ದೇ. ಇದನ್ನು ಸರಿಮಾಡಿಕೊಳ್ಳಲು ಹೆಚ್ಚು ದುಡ್ಡು ಬೇಕಾಗಿಲ್ಲ. ಮೈಲಿಗಟ್ಟಲೆ ಮೇಲಿರುವ ಗಾಳಿಯನ್ನು ನಾವು ಸರಿಮಾಡಲಾರೆವು. ಆದರೆ ಅದು ಶಾಂತವಾಗಿದ್ದ ಕ್ಷಣಗಳನ್ನು ಮಾತ್ರ ಆರಿಸಿಕೊಳ್ಳಬಹುದು. ಹತ್ತಿರದ ಗಾಳಿಯನ್ನು ತಣಿಸುವುದು, ದೂರದ ಗಾಳಿಯ ಒಳ್ಳೆಯ ಕ್ಷಣಗಳನ್ನು ಹೆಕ್ಕುವುದು, ಮುಖ್ಯವಾಗಿ ಈ ಎರಡು ಕೆಲಸ. ಸಾಫ್ಟ್‌ವೇರ್ ಆಮೇಲೆ.

ಗಾಳಿ ಎಷ್ಟು ಕೆಡಿಸುತ್ತದೆ?

ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಒಂದು ಭಾಗಕ್ಕೆ ಒಂದು ಆರ್ಕ್‌ಸೆಕೆಂಡ್ ಅನ್ನುತ್ತಾರೆ. ಗುರು ನಮಗೆ ಹತ್ತಿರ ಬಂದಾಗ ಆಕಾಶದಲ್ಲಿ ಅದರ ಅಗಲ ಸುಮಾರು 45 ಆರ್ಕ್‌ಸೆಕೆಂಡ್. ನಿಮ್ಮ ಕನ್ನಡಿ ಎಷ್ಟು ಸಣ್ಣ ವಿವರ ತೋರಿಸಬಲ್ಲದು ಅಂತ ತಿಳಿಯಲು 116 ಅನ್ನು ಕನ್ನಡಿಯ ಮಿಲಿಮೀಟರ್ ಅಳತೆಯಿಂದ ಭಾಗಿಸಿ. 150 ಮಿ.ಮೀ. ಕನ್ನಡಿಗೆ 0.77 ಆರ್ಕ್‌ಸೆಕೆಂಡ್ ಬರುತ್ತದೆ. 200 ಮಿ.ಮೀ. ಆದರೆ 0.58.

ಈಗ ಗಾಳಿಯ ಲೆಕ್ಕ. ಬಿಸಿ ಗಾಳಿ ಮತ್ತು ತಂಪು ಗಾಳಿ ಬೆಳಕನ್ನು ಬೇರೆ ಬೇರೆಯಾಗಿ ಬಗ್ಗಿಸುತ್ತವೆ. ಇವೆರಡೂ ಕಲಸಿಕೊಂಡು ಹರಿಯುವಾಗ ನಕ್ಷತ್ರದ ಚುಕ್ಕೆ ಕುಣಿಯುತ್ತದೆ, ಹಿಗ್ಗುತ್ತದೆ. ಊರೊಳಗಿನ ಸಾಧಾರಣ ರಾತ್ರಿಯಲ್ಲಿ ಚುಕ್ಕೆ ಹಿಗ್ಗಿ 2 ಆರ್ಕ್‌ಸೆಕೆಂಡ್ ಆಗುತ್ತದೆ ಅಂತ ಇಟ್ಟುಕೊಳ್ಳಿ. ಅಂದರೆ ಕನ್ನಡಿ ತೋರಿಸಬಲ್ಲ ವಿವರಕ್ಕಿಂತ ಎರಡೂವರೆ ಪಟ್ಟು ದಪ್ಪ. ಗಾಳಿಯ ಈ ಗುಣಕ್ಕೆ ಹವ್ಯಾಸಿಗಳು ಸೀಯಿಂಗ್ ಅನ್ನುತ್ತಾರೆ.

ಇದು ಹೊಸ ಸಂಗತಿಯಲ್ಲ. ನ್ಯೂಟನ್ 1704ರಲ್ಲೇ ಬರೆದಿದ್ದ: ಟೆಲಿಸ್ಕೋಪನ್ನು ಎಷ್ಟೇ ಚೆನ್ನಾಗಿ ಮಾಡಿದರೂ ಗಾಳಿಯ ನಡುಕ ಒಂದು ಮಿತಿ ಹಾಕುತ್ತದೆ, ಎತ್ತರದ ಬೆಟ್ಟಗಳ ಮೇಲಿನ ಶಾಂತ ಗಾಳಿಯೇ ಅದಕ್ಕೆ ಮದ್ದು ಅಂತ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4500 ಮೀಟರ್ ಎತ್ತರದಲ್ಲಿ 2 ಮೀಟರಿನ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇಟ್ಟಿರುವುದಕ್ಕೆ ಇದೂ ಒಂದು ಕಾರಣ. ಅದನ್ನು ನಡೆಸುವವರು ಕೂರುವುದು ನಮ್ಮ ಹೊಸಕೋಟೆಯಲ್ಲಿ, ಉಪಗ್ರಹ ಸಂಪರ್ಕದ ಮೂಲಕ. ನಮಗೆ ಹಾನ್ಲೆ ಇಲ್ಲ. ಆದರೆ ನಮ್ಮ ಸೀಮೆಗೂ ಕೆಲವು ಅನುಕೂಲ ಇವೆ, ಮುಂದೆ ಹೇಳುತ್ತೇನೆ.

ಮೊದಲು ಜಾಗ

ಏಪ್ರಿಲ್ ಮಧ್ಯಾಹ್ನ ದಾವಣಗೆರೆಯಲ್ಲಿ ಆರ್‌ಸಿಸಿ ತಾರಸಿಯ ಮೇಲೆ ಬರಿಗಾಲಲ್ಲಿ ನಿಲ್ಲೋಕಾಗಲ್ಲ. ಆ ಕಾವು ಹೊತ್ತು ಮುಳುಗಿದ ತಕ್ಷಣ ಹೋಗುವುದಿಲ್ಲ. ರಾತ್ರಿ ಊಟ ಮುಗಿಸಿ ಮೇಲೆ ಹೋದಾಗಲೂ ಕಾಂಕ್ರೀಟು ಅದನ್ನು ಬಿಡುತ್ತಲೇ ಇರುತ್ತದೆ. ಕಾದ ದೋಸೆ ಕಾವಲಿಯ ಮೇಲಿನಿಂದ ಅಡ್ಡಲಾಗಿ ನೋಡಿದರೆ ಆಚೆಗಿನ ಗೋಡೆ ಅಲುಗಾಡಿದಂತೆ ಕಾಣುತ್ತದೆ ಅಲ್ವಾ? ನಿಮ್ಮ ಟೆಲಿಸ್ಕೋಪ್ ಗುರುವನ್ನು ನೋಡುತ್ತಿರುವುದು ಅಂಥದ್ದೇ ಗಾಳಿಯ ಮೂಲಕ.

ತಾರಸಿ ಬಿಟ್ಟು ಮಣ್ಣಿನ ನೆಲ ಸಿಕ್ಕರೆ ಅದೇ ಒಳ್ಳೆಯದು. ಮಣ್ಣು, ಹುಲ್ಲು ಬೇಗ ತಣಿಯುತ್ತವೆ. ದಾವಣಗೆರೆ, ಹರಿಹರದ ಕಡೆ ಭದ್ರಾ ಕಾಲುವೆಯ ಗದ್ದೆ ಬಯಲಿದೆ. ನೀರು ನಿಂತ ಗದ್ದೆಯ ಮೇಲೆ ಉಷ್ಣಾಂಶ ಏಕರೂಪವಾಗಿರುವುದರಿಂದ ಗಾಳಿ ಕಲಕುವುದು ಕಡಿಮೆ. ಇಬ್ಬನಿ ಮಾತ್ರ ಜಾಸ್ತಿ. ಕಪ್ಪು ಫೋಮ್ ಶೀಟನ್ನು ಕೊಳವೆಯ ಬಾಯಿಗೆ ಸುತ್ತಿ, ಮುಂದಕ್ಕೆ ಒಂದು ಅಡಿಯಷ್ಟು ಬಿಡಿ. ಚಳ್ಳಕೆರೆ ಕಡೆಯ ಕುರುಚಲು ಬಯಲು ಒಣ ನೆಲ. ಹಗಲು ಕಾದಷ್ಟೇ ಬೇಗ ರಾತ್ರಿ ಆರುತ್ತದೆ. ಅಲ್ಲಿ ಇಬ್ಬನಿಯ ಕಾಟ ಕಡಿಮೆ, ಧೂಳಿನದ್ದು ಹೆಚ್ಚು.

ಚಿತ್ರದುರ್ಗದವರಿಗೆ ಒಂದು ವಿಶೇಷ ತೊಂದರೆ ಇದೆ. ಕೋಟೆಯ ಸುತ್ತಿನ ಆ ದೊಡ್ಡ ದೊಡ್ಡ ಬಂಡೆಗಳು ಹಗಲೆಲ್ಲಾ ಬಿಸಿಲು ಕುಡಿದು ರಾತ್ರಿಯೆಲ್ಲಾ ಕಾವು ಬಿಡುತ್ತವೆ. ಬೆಟ್ಟದ ಬುಡದಲ್ಲಿ ಮನೆ ಇದ್ದರೆ ಬಂಡೆಯ ತಲೆಯ ಮೇಲೆ ಹಾದು ಬರುವ ಗ್ರಹಕ್ಕೆ ಕ್ಯಾಮೆರಾ ಹಿಡಿಯಬೇಡಿ. ಅದು ಬಂಡೆಯಿಂದ ದೂರ ಸರಿದು ನೆತ್ತಿಯ ಕಡೆ ಏರಲಿ. ಎತ್ತರ ಬೇಕು ಅಂತ ಜೋಗಿಮಟ್ಟಿಯ ಆಸೆ ಪಡುವವರಿದ್ದಾರೆ. ಅದು ವನ್ಯಧಾಮ, ರಾತ್ರಿ ಸುಮ್ನೆ ಹೋಗಿ ಕೂರುವ ಜಾಗವಲ್ಲ. ಮೇಲಾಗಿ ಚಿತ್ರದುರ್ಗದ ಬೆಟ್ಟಗಳ ಮೇಲೆ ಅಷ್ಟೊಂದು ಗಾಳಿಗಿರಣಿ ನಿಲ್ಲಿಸಿರುವುದು ಯಾಕೆ ಅಂತ ಯೋಚಿಸಿ. ಬೀಸು ಗಾಳಿಗೆ ಟೆಲಿಸ್ಕೋಪ್ ಅಲುಗಿದರೆ ಎತ್ತರದ ಲಾಭವೆಲ್ಲಾ ಹೋಯಿತು.

ತಾರಸಿ ಬಿಟ್ಟರೆ ಬೇರೆ ದಾರಿಯೇ ಇಲ್ಲ ಅನ್ನುವವರು ಇಷ್ಟು ಮಾಡಿ. ಬೇಸಿಗೆಯಲ್ಲಿ ಸಂಜೆಯೇ ತಾರಸಿಗೆ ನೀರು ಹಾಕಿ ಆರಲು ಬಿಡಿ. ನೀರಿನ ಟ್ಯಾಂಕು, ಮೆಟ್ಟಿಲ ಕೋಣೆಯ ಗೋಡೆ, ಎಸಿಯ ಹೊರಗಿನ ಪೆಟ್ಟಿಗೆ, ಇವುಗಳಿಂದ ದೂರ ಇರಿ. ಗಾಳಿ ಬೀಸಿ ಬರುವ ಕಡೆಯ ಅಂಚಿಗೆ ಟೆಲಿಸ್ಕೋಪ್ ಇಡಿ, ಆಗ ನಿಮ್ಮ ತಾರಸಿಯ ಬಿಸಿ ನಿಮ್ಮ ಹಿಂದಕ್ಕೆ ಹೋಗುತ್ತದೆ. ಮಂಡಕ್ಕಿ ಭಟ್ಟಿಗಳ ಕಡೆ ಮನೆ ಇರುವವರು ಭಟ್ಟಿಯ ಹೊಗೆಗೊಳವೆ ಯಾವ ದಿಕ್ಕಿಗಿದೆ ನೋಡಿಕೊಳ್ಳಿ. ಆ ದಿಕ್ಕಿನಲ್ಲಿ ಗ್ರಹ ತಗ್ಗಿನಲ್ಲಿದ್ದರೆ ಆ ರಾತ್ರಿ ಫೋಟೋ ಬರುವುದಿಲ್ಲ.

ಬೀದಿ ದೀಪದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಚಂದ್ರ, ಗುರು, ಶನಿ, ಮಂಗಳ ನಾಲ್ಕೂ ಸಾಕಷ್ಟು ಪ್ರಕಾಶಮಾನ. ದಾವಣಗೆರೆಯ ಪಿ.ಜೆ. ಬಡಾವಣೆಯ ನಡುವಿನಿಂದಲೂ ಇವುಗಳ ಒಳ್ಳೆಯ ಚಿತ್ರ ತೆಗೆಯಬಹುದು. ಕತ್ತಲೆ ಬೇಕಾಗುವುದು ನೀಹಾರಿಕೆ, ಗ್ಯಾಲಕ್ಸಿಗಳಿಗೆ.

ಯಾವ ರಾತ್ರಿ, ಎಷ್ಟು ಹೊತ್ತಿಗೆ

ಮಳೆ ಬಂದು ಹೋದ ಮರುದಿನ ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ, ನಕ್ಷತ್ರಗಳು ಪಟಪಟ ಮಿನುಗುತ್ತವೆ. ಎಲ್ಲರೂ ಆ ರಾತ್ರಿಯೇ ಟೆಲಿಸ್ಕೋಪ್ ಹೊರಗೆ ತರುತ್ತಾರೆ. ಗ್ರಹಗಳ ಮಟ್ಟಿಗೆ ಅದು ಸಾಮಾನ್ಯವಾಗಿ ಕೆಟ್ಟ ರಾತ್ರಿ. ಮಿನುಗು ಜಾಸ್ತಿ ಅಂದರೆ ಗಾಳಿ ಕಲಕಿದೆ ಅಂತ ಅರ್ಥ. ಚಳಿಗಾಲದಲ್ಲಿ ತೆಳುವಾಗಿ ಮಂಜು ಕವಿದು, ಎಲೆ ಅಲ್ಲಾಡದೆ, ನಕ್ಷತ್ರಗಳು ಮಂಕಾಗಿ ಸ್ಥಿರವಾಗಿ ನಿಂತಿರುವ ರಾತ್ರಿ ಇರುತ್ತದಲ್ಲ, ಅದು ನಿಮಗೆ ಬೇಕಾದದ್ದು. ನೆತ್ತಿಯ ಹತ್ತಿರದ ಒಂದು ನಕ್ಷತ್ರವನ್ನು ಬರಿಗಣ್ಣಿನಲ್ಲಿ ಒಂದು ನಿಮಿಷ ನೋಡಿ ಸಾಕು. ಲುಬ್ಧಕವನ್ನು ಮಾತ್ರ ನಂಬಬೇಡಿ, ತಗ್ಗಿನಲ್ಲಿದ್ದಾಗ ಅದು ಎಂಥ ರಾತ್ರಿಯಲ್ಲೂ ಬಣ್ಣ ಬಣ್ಣವಾಗಿ ಮಿನುಗುತ್ತದೆ.

ನಮ್ಮ ಅನುಕೂಲ ಇಲ್ಲಿದೆ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಬಹಳ ಎತ್ತರದಲ್ಲಿ ಪಶ್ಚಿಮದಿಂದ ಜೆಟ್ ಗಾಳಿ ರಭಸವಾಗಿ ಹರಿಯುತ್ತದೆ. ಅದರ ಕೆಳಗಿರುವವರಿಗೆ ಗ್ರಹಗಳ ಫೋಟೋ ತೆಗೆಯುವುದು ಕಷ್ಟ. 14 ಡಿಗ್ರಿ ಅಕ್ಷಾಂಶದಲ್ಲಿರುವ ನಾವು ಬಹುಪಾಲು ಅದರಿಂದ ಪಾರು. ನವೆಂಬರಿನಿಂದ ಫೆಬ್ರವರಿ ತನಕ ಮೋಡವೂ ಕಡಿಮೆ.

ಎರಡನೇ ಅನುಕೂಲ ಇನ್ನೂ ದೊಡ್ಡದು. ಗ್ರಹಗಳು ನಮಗೆ ನೆತ್ತಿಯ ಹತ್ತಿರ ಹಾದುಹೋಗುತ್ತವೆ. ಗ್ರಹ ದಿಗಂತದಿಂದ 30 ಡಿಗ್ರಿ ಮೇಲಿದ್ದಾಗ ಅದರ ಬೆಳಕು ನೆತ್ತಿಗಿಂತ ಎರಡು ಪಟ್ಟು ಗಾಳಿ ದಾಟಿ ಬರುತ್ತದೆ, ಚಿತ್ರದ ಮಸುಕು ಸುಮಾರು ಒಂದೂವರೆ ಪಟ್ಟು ಆಗುತ್ತದೆ. ಜೊತೆಗೆ ಗಾಳಿ ಪಟ್ಟಕದಂತೆ ವರ್ತಿಸಿ ಗ್ರಹದ ಒಂದು ಅಂಚಿಗೆ ನೀಲಿ, ಇನ್ನೊಂದಕ್ಕೆ ಕೆಂಪು ಬಳಿಯುತ್ತದೆ. ಅಷ್ಟು ತಗ್ಗಿನಲ್ಲಿ ಈ ಬಣ್ಣಗಳ ಅಂತರ ಒಂದು ಆರ್ಕ್‌ಸೆಕೆಂಡಿಗೂ ಜಾಸ್ತಿ. ಯುರೋಪಿನವರು ಇದಕ್ಕೆಂದೇ ಪಟ್ಟಕಗಳಿರುವ ಸರಿಪಡಿಸುವ ಸಾಧನ ಕೊಳ್ಳುತ್ತಾರೆ. ನಾವು ಗ್ರಹ 60 ಡಿಗ್ರಿ ಏರುವ ತನಕ ಕಾದರೆ ಅದರ ಅಗತ್ಯವೇ ಬೀಳುವುದಿಲ್ಲ.

2026ರ ಅಕ್ಟೋಬರ್ 4ಕ್ಕೆ ಶನಿ ಸೂರ್ಯನಿಗೆ ನೇರ ಎದುರಿಗೆ ಬರುತ್ತದೆ, ಅಂದರೆ ರಾತ್ರಿಯಿಡೀ ಕಾಣುತ್ತದೆ. ದಾವಣಗೆರೆಯಿಂದ ನೋಡಿದರೆ 70 ಡಿಗ್ರಿಗೂ ಮೇಲೆ ಏರುತ್ತದೆ. ಗುರುವಿನ ಸರದಿ 2027ರ ಫೆಬ್ರವರಿ 10ರ ಆಸುಪಾಸು, ಮಂಗಳನದ್ದು ಅದೇ ತಿಂಗಳ 19. ಎರಡೂ ಮಘಾ ನಕ್ಷತ್ರದ ಕಡೆ ಇರುತ್ತವೆ. ಆಗ ಗುರು ರಾತ್ರಿ 12.40ರ ಹೊತ್ತಿಗೆ ನಮ್ಮ ಎರಡೂ ಊರುಗಳ ನೆತ್ತಿಗೆ ಹೆಚ್ಚುಕಡಿಮೆ ನೇರವಾಗಿ ಬರುತ್ತದೆ. ಇಷ್ಟು ಒಳ್ಳೆಯ ಅವಕಾಶ ಬಿಡಬೇಡಿ. ಒಂದು ಎಚ್ಚರಿಕೆ: ಡಾಬ್ಸೋನಿಯನ್ (ನೆಲದ ಮೇಲಿನ ಪೀಠದಲ್ಲಿ ಕೂರಿಸಿ ಕೈಯಿಂದ ತಿರುಗಿಸುವ) ಟೆಲಿಸ್ಕೋಪನ್ನು ನೇರ ನೆತ್ತಿಗೆ ಎತ್ತಿದರೆ ಗ್ರಹವನ್ನು ಹಿಂಬಾಲಿಸಿ ತಿರುಗಿಸುವುದು ತುಂಬಾ ಕಷ್ಟ. ಅಂಥವರು ಒಂದು ಗಂಟೆ ಮೊದಲೋ ಒಂದು ಗಂಟೆ ಆಮೇಲೋ ತೆಗೆಯಿರಿ.

ಕನ್ನಡಿ ತಣಿಯಲಿ

ಮನೆಯೊಳಗೆ ಇಟ್ಟ ಟೆಲಿಸ್ಕೋಪನ್ನು ಹೊರಗೆ ತಂದ ತಕ್ಷಣ ಫೋಟೋ ತೆಗೆಯಬೇಡಿ. ದಪ್ಪ ಗಾಜಿನ ಕನ್ನಡಿ ಹೊರಗಿನ ಗಾಳಿಗಿಂತ ಬಿಸಿ ಇರುತ್ತದೆ. ಅದು ತಣಿಯುವ ತನಕ ಅದರ ಮುಂದೆಯೇ ಬಿಸಿ ಗಾಳಿ ಸುರುಳಿ ಸುರುಳಿಯಾಗಿ ಏಳುತ್ತದೆ. ಆರು ಇಂಚಿಗೆ ಮುಕ್ಕಾಲು ಗಂಟೆ, ಎಂಟು ಇಂಚಿಗೆ ಒಂದು ಗಂಟೆಗೂ ಮೇಲೆ ಬಿಡಿ. ಹಳೆಯ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಒಂದನ್ನು ಕನ್ನಡಿಯ ಹಿಂದೆ ರಬ್ಬರ್ ಬ್ಯಾಂಡಿನಲ್ಲಿ ತೂಗುಹಾಕಿದರೆ ಈ ಸಮಯ ಅರ್ಧಕ್ಕಿಳಿಯುತ್ತದೆ. ರಬ್ಬರ್ ಬ್ಯಾಂಡ್ ಯಾಕೆ ಅಂದರೆ ಫ್ಯಾನಿನ ಅದುರು ಕೊಳವೆಗೆ ಹೋಗಬಾರದು.

ತಣಿದಿದೆಯೋ ಇಲ್ಲವೋ ಕಣ್ಣಾರೆ ನೋಡಬಹುದು. ಪ್ರಕಾಶಮಾನವಾದ ನಕ್ಷತ್ರವನ್ನು ಹೆಚ್ಚು ದೊಡ್ಡದಾಗಿ ತೋರಿಸುವ ಐಪೀಸಿನಲ್ಲಿ ತಂದು, ಫೋಕಸನ್ನು ಬೇಕಂತಲೇ ಕೆಡಿಸಿ. ಚುಕ್ಕೆ ದೊಡ್ಡ ಬೆಳಕಿನ ತಟ್ಟೆಯಾಗುತ್ತದೆ. ಈಗ ನಿಮ್ಮ ಅಂಗೈಯನ್ನು ಕೊಳವೆಯ ಬಾಯಿಗೆ ಅರ್ಧ ಅಡ್ಡ ಹಿಡಿಯಿರಿ. ತಟ್ಟೆಯಲ್ಲಿ ಬೆರಳುಗಳ ನೆರಳು ಕಾಣುತ್ತದೆ. ಆ ಬೆರಳುಗಳ ಅಂಚಿನಿಂದ ಬೆಂಕಿಯ ನಾಲಿಗೆಯಂತೆ ಏನೋ ಏಳುತ್ತಿರುವುದೂ ಕಾಣುತ್ತದೆ. ಅದು ನಿಮ್ಮ ಕೈಯ ಬಿಸಿ! ಬರೀ ಮೈಶಾಖ ಇಷ್ಟು ಮಾಡುತ್ತದೆ ಅಂದಮೇಲೆ ಬಿಸಿ ಕನ್ನಡಿ ಏನು ಮಾಡೀತು ಅಂತ ಅಂದಾಜು ಸಿಗುತ್ತದೆ. ಕೈ ತೆಗೆಯಿರಿ. ತಟ್ಟೆಯೊಳಗೆ ಈಗಲೂ ನಿಧಾನವಾಗಿ ಸುರುಳಿಗಳು ಏಳುತ್ತಿದ್ದರೆ ಕನ್ನಡಿ ಇನ್ನೂ ತಣಿದಿಲ್ಲ. ತಟ್ಟೆಯ ಮೇಲೆ ಸಣ್ಣ ಅಲೆಗಳು ಸರಸರನೆ ಒಂದೇ ದಿಕ್ಕಿಗೆ ಓಡುತ್ತಿದ್ದರೆ ಅದು ಮೇಲಿನ ಗಾಳಿ, ನಿಮ್ಮ ಕೈಯಲ್ಲಿಲ್ಲ. ಯಾವ ತೊಂದರೆ ನನ್ನದು, ಯಾವುದು ಆಕಾಶದ್ದು ಅಂತ ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಪ್ರತಿ ರಾತ್ರಿ ಮಾಡಿ. ಹಾಗೇ, ಕೊಳವೆಯ ಬಾಯಿಯ ಕೆಳಗೆ ಯಾರನ್ನೂ ನಿಲ್ಲಲು ಬಿಡಬೇಡಿ.

ಕನ್ನಡಿಗಳ ಜೋಡಣೆ

ಅದೇ ತಟ್ಟೆ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಬುಡದಲ್ಲಿ ದೊಡ್ಡ ಕನ್ನಡಿ, ಬಾಯಿಯ ಹತ್ತಿರ ಚಿಕ್ಕ ಕನ್ನಡಿ ಇರುವ ನ್ಯೂಟೋನಿಯನ್ ಟೆಲಿಸ್ಕೋಪಿನಲ್ಲಿ ತಟ್ಟೆಯ ನಡುವೆ ಕಪ್ಪು ನೆರಳು ಇರುತ್ತದೆ, ಸುತ್ತ ಬಳೆಗಳಂತೆ ಉಂಗುರಗಳು. ಫೋಕಸ್ಸಿನ ಹತ್ತಿರ ತಂದಾಗ ಉಂಗುರಗಳೆಲ್ಲಾ ಒಂದೇ ಕೇಂದ್ರದ ಸುತ್ತ ಇರಬೇಕು. ಒಂದು ಕಡೆಗೆ ವಾಲಿದ್ದರೆ ಕನ್ನಡಿಗಳು ಸರಿಯಾದ ಸಾಲಿನಲ್ಲಿಲ್ಲ. ಇದನ್ನು ಸರಿಮಾಡುವುದಕ್ಕೆ ಕಾಲಿಮೇಶನ್ ಅನ್ನುತ್ತಾರೆ. ಬೈಕಿನ ಹಿಂದೆ ಕಟ್ಟಿಕೊಂಡು ಹಳ್ಳಿ ರಸ್ತೆಯಲ್ಲಿ ಒಯ್ದರೆ ಇದು ತಪ್ಪೇ ತಪ್ಪುತ್ತದೆ.

ಕೊಳವೆಯ ಬುಡದಲ್ಲಿ ಮುಖ್ಯ ಕನ್ನಡಿಯ ಮೂರು ಸ್ಕ್ರೂ ಇರುತ್ತವೆ. ಒಂದನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ. ನಕ್ಷತ್ರ ಪಕ್ಕಕ್ಕೆ ಸರಿಯುತ್ತದೆ. ಅದನ್ನು ಮತ್ತೆ ನಡುವಿಗೆ ತಂದು ಉಂಗುರ ನೋಡಿ. ಸುಧಾರಿಸಿದರೆ ಅದೇ ಸ್ಕ್ರೂ ಮುಂದುವರಿಸಿ, ಹದಗೆಟ್ಟರೆ ವಾಪಸ್ ತಿರುಗಿಸಿ ಮುಂದಿನದಕ್ಕೆ ಹೋಗಿ. ನಕ್ಷತ್ರ ಸದಾ ನಡುವಿನಲ್ಲೇ ಇರಬೇಕು, ಅಂಚಿನಲ್ಲಿಟ್ಟು ನೋಡಿದರೆ ತಪ್ಪು ದಾರಿ ಹಿಡಿಯುತ್ತೀರಿ. ಲೇಸರ್ ಸಾಧನ ಇದ್ದರೆ ಸಂಜೆ ಬೆಳಕಿನಲ್ಲೇ ಮುಕ್ಕಾಲು ಕೆಲಸ ಮುಗಿಸಬಹುದು. ಆದರೂ ಕೊನೆಯ ತೀರ್ಪು ನಕ್ಷತ್ರದ್ದೇ.

ಫೋಕಸ್

ಮೊಬೈಲಿನ ಸಣ್ಣ ಪರದೆ ನೋಡಿಕೊಂಡು ಗ್ರಹವನ್ನು ಫೋಕಸ್ ಮಾಡಲು ಹೋಗಬೇಡಿ, ಗ್ರಹ ಸದಾ ಸ್ವಲ್ಪ ಮಸುಕಾಗೇ ಕಾಣುತ್ತದೆ. ಹತ್ತಿರದ ಒಂದು ನಕ್ಷತ್ರ ಹಿಡಿಯಿರಿ. ಬಾಹ್ಟಿನೋವ್ ಮಾಸ್ಕ್ ಅಂತ ಒಂದಿದೆ, ಮೂರು ದಿಕ್ಕಿನಲ್ಲಿ ಸೀಳು ಕೊರೆದ ಮುಚ್ಚಳ. ನಿಮ್ಮ ಟೆಲಿಸ್ಕೋಪಿನ ಅಳತೆಗೆ ನಕ್ಷೆ ಪ್ರಿಂಟ್ ಹಾಕಿಸಿ, ದಪ್ಪ ರಟ್ಟಿಗೆ ಅಂಟಿಸಿ ಬ್ಲೇಡಿನಿಂದ ಕೊರೆದರೆ ಆಯಿತು. ಅದನ್ನು ಕೊಳವೆಯ ಬಾಯಿಗಿಟ್ಟರೆ ನಕ್ಷತ್ರದಿಂದ ಮೂರು ಗೆರೆ ಹೊರಡುತ್ತವೆ. ನಡುವಿನ ಗೆರೆ ಉಳಿದೆರಡರ ಸರಿಯಾಗಿ ಮಧ್ಯೆ ಬಂದಾಗ ಫೋಕಸ್ ಸರಿ. ಆಮೇಲೆ ಮಾಸ್ಕ್ ತೆಗೆಯುವುದು ಮರೆಯಬೇಡಿ. ಗುರುವಾದರೆ ಅದರ ಉಪಗ್ರಹಗಳೇ ಚುಕ್ಕೆಯ ಕೆಲಸ ಮಾಡುತ್ತವೆ.

ಫೋಕಸ್ ಗುಂಡಿ ಮುಟ್ಟಿದರೆ ಚಿತ್ರ ಕುಣಿಯುತ್ತದೆಯಾ? ಬಟ್ಟೆ ಒಣಹಾಕುವ ಕ್ಲಿಪ್ ಒಂದನ್ನು ಗುಂಡಿಗೆ ಸಿಕ್ಕಿಸಿ, ಅದರ ತುದಿಯನ್ನು ಬೆರಳಿನಿಂದ ತಳ್ಳಿ. ಸಣ್ಣ ಚಲನೆ ಸುಲಭವಾಗುತ್ತದೆ, ಅಲುಗಾಟವೂ ಕಡಿಮೆ. ರಾತ್ರಿ ತಂಪಾದಂತೆ ಕೊಳವೆ ಕುಗ್ಗುತ್ತದೆ, ಅರ್ಧ ಗಂಟೆಗೊಮ್ಮೆ ಮತ್ತೆ ನೋಡಿ.

ಫೋಟೋ ಬೇಡ, ವಿಡಿಯೋ ತೆಗೆಯಿರಿ

ಒಂದು ಫೋಟೋಗೆ ಒಂದೇ ಕ್ಷಣ. ಆ ಕ್ಷಣ ಗಾಳಿ ಕೆಟ್ಟಿದ್ದರೆ ಮುಗಿಯಿತು. ಆದ್ದರಿಂದ ಸಾವಿರಾರು ಚಿಕ್ಕ ಚಿಕ್ಕ ಫ್ರೇಮುಗಳನ್ನು ತೆಗೆದು ಒಳ್ಳೆಯದನ್ನು ಹೆಕ್ಕುತ್ತೇವೆ. ಇದಕ್ಕೆ ಲಕ್ಕಿ ಇಮೇಜಿಂಗ್ ಅಂತ ಹೆಸರು. ಹೆಸರಿನಲ್ಲಿ ಅದೃಷ್ಟ ಇದ್ದರೂ ಅದಕ್ಕೊಂದು ಖಚಿತ ಲೆಕ್ಕ ಇದೆ. 1978ರಲ್ಲಿ ಡೇವಿಡ್ ಫ್ರೈಡ್ ಅನ್ನುವ ವಿಜ್ಞಾನಿ ಅದನ್ನು ಮಾಡಿಟ್ಟ.

ಬೆಳಕಿನ ಮಟ್ಟಿಗೆ ಏಕರೂಪವಾಗಿರುವ ಗಾಳಿಯ ತುಂಡು ಎಷ್ಟು ಅಗಲ ಇದೆ ಅನ್ನುವುದು ಮುಖ್ಯ. ನಕ್ಷತ್ರ 2 ಆರ್ಕ್‌ಸೆಕೆಂಡಿಗೆ ಹಿಗ್ಗುವ ರಾತ್ರಿಯಲ್ಲಿ ಆ ಅಗಲ ಸುಮಾರು 5 ಸೆಂಟಿಮೀಟರ್. 15 ಸೆಂ.ಮೀ. ಕನ್ನಡಿ ಅಂದರೆ ಅದರ ಮೂರು ಪಟ್ಟು. ಫ್ರೈಡ್ ಲೆಕ್ಕದ ಪ್ರಕಾರ ಇಂಥ ಕನ್ನಡಿಗೆ ನಾಲ್ಕರಲ್ಲಿ ಮೂರು ಫ್ರೇಮುಗಳು ಬಹುಮಟ್ಟಿಗೆ ಗಾಳಿಯ ಕಾಟವಿಲ್ಲದೆ ಬರುತ್ತವೆ. 20 ಸೆಂ.ಮೀ. ಕನ್ನಡಿಗೆ ಮೂರರಲ್ಲಿ ಒಂದು. 25ಕ್ಕೆ ನೂರರಲ್ಲಿ ಒಂಬತ್ತು. 35 ಸೆಂ.ಮೀ. ಕನ್ನಡಿಗೆ ಸಾವಿರದಲ್ಲಿ ಎರಡೋ ಮೂರೋ. ಅದೇ ಗಾಳಿಯಲ್ಲಿ ಅರ್ಧ ಮೀಟರಿನ ಕನ್ನಡಿ ಹತ್ತು ಲಕ್ಷ ಫ್ರೇಮ್ ತೆಗೆದರೂ ಒಂದು ಸಿಕ್ಕರೆ ಹೆಚ್ಚು. ದೊಡ್ಡ ವೀಕ್ಷಣಾಲಯಗಳು ಕನ್ನಡಿಯನ್ನೇ ಸೆಕೆಂಡಿಗೆ ನೂರಾರು ಸಲ ಬಗ್ಗಿಸಿ ಗಾಳಿಯನ್ನು ಸರಿಪಡಿಸಿಕೊಳ್ಳುವುದು ಇದಕ್ಕೇ.

ಸಣ್ಣ ಟೆಲಿಸ್ಕೋಪ್ ಇದೆ ಅಂತ ಬೇಸರ ಪಡುವವರು ಈ ಅಂಕಿಗಳನ್ನು ಮತ್ತೊಮ್ಮೆ ಓದಿ. ನಮ್ಮ ಸೀಮೆಯ ಸಾಧಾರಣ ಗಾಳಿಗೆ ಆರು ಇಂಚು, ಎಂಟು ಇಂಚು ಸರಿಯಾದ ಅಳತೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜಾಗ ಸರಿಮಾಡಿಕೊಂಡು 5 ಸೆಂ.ಮೀ. ತುಂಡನ್ನು 7 ಮಾಡಿಕೊಂಡರೆ ಎಂಟು ಇಂಚಿನದಕ್ಕೂ ಮುಕ್ಕಾಲು ಪಾಲು ಫ್ರೇಮ್ ದಕ್ಕುತ್ತದೆ.

ಕ್ಯಾಮೆರಾ ವಿಷಯಕ್ಕೆ ಬರೋಣ. ಮೊಬೈಲ್ ಇದ್ದರೆ ಅಡಾಪ್ಟರ್ ಹಾಕಿ ಐಪೀಸಿಗೆ ಕೂರಿಸಿ, 4ಕೆ ವಿಡಿಯೋ ಇಡಿ, ಗ್ರಹದ ಮೇಲೆ ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ. ಆಮೇಲೆ ಪಟ್ಟೆಗಳು ಕಾಣುವಷ್ಟು ಬೆಳಕು ಇಳಿಸಿ. ಗ್ರಹ ಬೆಳ್ಳಗೆ ಉರಿಯುತ್ತಿದ್ದರೆ ಅದರಲ್ಲಿ ವಿವರವೇ ಇರುವುದಿಲ್ಲ. ಕಲಿಯಲು ಇಷ್ಟು ಸಾಕು. ಮುಂದೆ ಯುಎಸ್‌ಬಿ 3 ಇರುವ ಗ್ರಹ ಕ್ಯಾಮೆರಾ ತೆಗೆದುಕೊಂಡರೆ ವ್ಯತ್ಯಾಸ ಬಹಳ.

ಅಂಥ ಕ್ಯಾಮೆರಾದಲ್ಲಿ ಮೊದಲ ಪ್ರಶ್ನೆ, ಎಷ್ಟು ದೊಡ್ಡದಾಗಿ ತೆಗೆಯಬೇಕು? ಒಂದು ಸುಲಭ ಸೂತ್ರ: ಪಿಕ್ಸೆಲ್ಲಿನ ಅಳತೆಯನ್ನು ಮೈಕ್ರಾನಿನಲ್ಲಿ ತೆಗೆದುಕೊಂಡು 5ರಿಂದ ಗುಣಿಸಿ, ಟೆಲಿಸ್ಕೋಪಿನ ಎಫ್ ಅನುಪಾತ (ನಾಭಿದೂರವನ್ನು ಕನ್ನಡಿಯ ಅಗಲದಿಂದ ಭಾಗಿಸಿದಾಗ ಬರುವುದು) ಅಷ್ಟಿರಲಿ. 2.9 ಮೈಕ್ರಾನ್ ಪಿಕ್ಸೆಲ್ ಆದರೆ ಎಫ್ 14.5. 150 ಮಿ.ಮೀ., ಎಫ್ 5 ಟೆಲಿಸ್ಕೋಪಿಗೆ 3 ಪಟ್ಟಿನ ಬಾರ್ಲೋ (ಚಿತ್ರವನ್ನು ದೊಡ್ಡದು ಮಾಡುವ ಮಸೂರ) ಹಾಕಿದರೆ ಎಫ್ 15, ಸರಿಹೋಯಿತು. ಆಗ ಒಂದು ಪಿಕ್ಸೆಲ್ 0.27 ಆರ್ಕ್‌ಸೆಕೆಂಡ್ ಹಿಡಿಯುತ್ತದೆ, ಗುರು ಸುಮಾರು 170 ಪಿಕ್ಸೆಲ್ ಅಗಲ ಬರುತ್ತದೆ. ಚಿಕ್ಕದಾಯಿತು ಅನ್ನಿಸಬಹುದು. 5 ಪಟ್ಟಿನ ಬಾರ್ಲೋ ಹಾಕಿದರೆ ಗ್ರಹ ದೊಡ್ಡದಾಗುತ್ತದೆ, ಮಂಕಾಗುತ್ತದೆ, ವಿವರ ಒಂದಿಷ್ಟೂ ಹೆಚ್ಚುವುದಿಲ್ಲ.

ಎರಡನೆಯದು ಎಕ್ಸ್‌ಪೋಷರ್, ಅಂದರೆ ಒಂದು ಫ್ರೇಮಿಗೆ ಬೆಳಕು ಹಿಡಿಯುವ ಸಮಯ. ಗಾಳಿಯ ಕುಣಿತವನ್ನು ನಿಲ್ಲಿಸಿ ಹಿಡಿಯಬೇಕಾದರೆ 5ರಿಂದ 15 ಮಿಲಿಸೆಕೆಂಡ್ ಒಳಗೆ ಇರಲಿ. ಬೆಳಕು ಸಾಲದಿದ್ದರೆ ಗೇನ್ (ಕ್ಯಾಮೆರಾ ಸಿಕ್ಕ ಬೆಳಕನ್ನು ಹಿಗ್ಗಿಸುವ ಪ್ರಮಾಣ) ಏರಿಸಿ. ಫ್ರೇಮಿನಲ್ಲಿ ಕಾಳು ಕಾಳು ಕಂಡರೆ ಹೆದರಬೇಡಿ, ಸಾವಿರ ಫ್ರೇಮ್ ಸೇರಿಸಿದಾಗ ಅದು ಮೂವತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಮಸುಕಾದ ಫ್ರೇಮುಗಳನ್ನು ಎಷ್ಟು ಸೇರಿಸಿದರೂ ಮಸುಕು ಹೋಗುವುದಿಲ್ಲ. ಫೈರ್‌ಕ್ಯಾಪ್ಚರ್ ಅಥವಾ ಶಾರ್ಪ್‌ಕ್ಯಾಪ್ ತಂತ್ರಾಂಶದಲ್ಲಿ ಗ್ರಹದ ಸುತ್ತ 640×480ರಷ್ಟು ಜಾಗ ಮಾತ್ರ ಆರಿಸಿ, ವೇಗ ಹೆಚ್ಚುತ್ತದೆ. ಸೆಕೆಂಡಿಗೆ 100 ಫ್ರೇಮಿನಂತೆ ಎರಡು ನಿಮಿಷಕ್ಕೆ 12,000 ಫ್ರೇಮ್, ಸುಮಾರು 3.7 ಜಿಬಿ. ಲ್ಯಾಪ್‌ಟಾಪಿನಲ್ಲಿ ಎಸ್‌ಎಸ್‌ಡಿ ಇದ್ದರೆ ಒಳ್ಳೆಯದು.

ಎರಡೇ ನಿಮಿಷ ಯಾಕೆ? ಗುರು 10 ಗಂಟೆಯೊಳಗೆ ಒಂದು ಸುತ್ತು ತಿರುಗುತ್ತದೆ. ಅದರ ನಡುವಿನಲ್ಲಿರುವ ಒಂದು ಕಲೆ ನಿಮಿಷಕ್ಕೆ ಸುಮಾರು 0.24 ಆರ್ಕ್‌ಸೆಕೆಂಡ್ ಸರಿಯುತ್ತದೆ. ಮೂರು ನಿಮಿಷ ದಾಟಿದರೆ ಆ ಜರುಗು ಆರು ಇಂಚಿನ ಕನ್ನಡಿಯ ಮಿತಿಯ ಹತ್ತಿರ ಬಂದುಬಿಡುತ್ತದೆ. ಶನಿಗೆ, ಮಂಗಳಕ್ಕೆ ನಾಲ್ಕೈದು ನಿಮಿಷ ಆಗಬಹುದು. ಚಂದ್ರನಿಗೆ ಒಂದು ನಿಮಿಷ ಸಾಕು. ಚಂದ್ರನನ್ನು ತೆಗೆಯುವಾಗ ಕೆಂಪು ಫಿಲ್ಟರ್ ಹಾಕಿ ನೋಡಿ. ಕೆಂಪು ಬೆಳಕಿಗೆ ಗಾಳಿಯ ಕಾಟ ಕಡಿಮೆ. 500 ನ್ಯಾನೋಮೀಟರಿನಿಂದ 700ಕ್ಕೆ ಹೋದರೆ ಮೊದಲು ಹೇಳಿದ ಆ ಗಾಳಿಯ ತುಂಡು ಒಂದೂವರೆ ಪಟ್ಟು ಅಗಲವಾದಂತೆ.

ಹೆಕ್ಕುವುದು, ಸೇರಿಸುವುದು

ಆಟೋಸ್ಟಾಕರ್ಟ್ ಅನ್ನುವ ಉಚಿತ ತಂತ್ರಾಂಶ ಫ್ರೇಮುಗಳನ್ನು ಗುಣಮಟ್ಟದ ಪ್ರಕಾರ ಸಾಲಾಗಿ ಜೋಡಿಸಿ ಒಂದು ಗ್ರಾಫ್ ತೋರಿಸುತ್ತದೆ. ಗ್ರಾಫಿನ ಗೆರೆ ನಿಧಾನವಾಗಿ ಇಳಿಯುತ್ತಿದ್ದರೆ ಗಾಳಿ ಚೆನ್ನಾಗಿತ್ತು, ಅರ್ಧದಷ್ಟು ಫ್ರೇಮ್ ಇಟ್ಟುಕೊಳ್ಳಿ. ಕಡಿದಾಗಿ ಬಿದ್ದರೆ ಹತ್ತೋ ಹದಿನೈದೋ ಶೇಕಡಾ ಸಾಕು. ನನ್ನ ಸಲಹೆ, 10, 25, 50 ಶೇಕಡಾ ಮೂರನ್ನೂ ಮಾಡಿಸಿ ಪಕ್ಕಪಕ್ಕ ಇಟ್ಟು ನೋಡಿ. ಫ್ರೇಮುಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಲು ತಂತ್ರಾಂಶ ಬಳಸುವ ಜೋಡಣೆಯ ಬಿಂದುಗಳನ್ನು ಗುರುವಿನ ಮೇಲೆ ಇಪ್ಪತ್ತು ಮೂವತ್ತು ಇಟ್ಟರೆ ಸಾಕು. ಜಾಸ್ತಿ ಸಣ್ಣದಾಗಿ ಇಟ್ಟರೆ ತಂತ್ರಾಂಶ ಕಾಳುಗಳನ್ನೇ ವಿವರ ಅಂದುಕೊಳ್ಳುತ್ತದೆ.

ಸೇರಿಸಿದ ಮೇಲೆ ಬರುವ ಚಿತ್ರ ಮೆತ್ತಗೆ, ಮಸುಕಾಗಿಯೇ ಕಾಣುತ್ತದೆ. ಇಲ್ಲಿ ಅನೇಕರು ನಿರಾಶೆಯಿಂದ ಬಿಟ್ಟುಬಿಡುತ್ತಾರೆ. ವಿವರ ಅದರೊಳಗಿದೆ, ಮುಂದಿನ ಹೆಜ್ಜೆಯಲ್ಲಿ ಹೊರಬರುತ್ತದೆ.

ಶಾರ್ಪ್ ಮಾಡುವುದು, ಎಲ್ಲಿ ನಿಲ್ಲಿಸುವುದು

ರಿಜಿಸ್ಟ್ಯಾಕ್ಸ್ ಅನ್ನುವ ತಂತ್ರಾಂಶ ತೆರೆದು ವೇವ್‌ಲೆಟ್ ಪದರಗಳಿಗೆ ಹೋಗಿ. ಮೊದಲ ಪದರ ಅತಿ ಸಣ್ಣ ವಿವರದ್ದು, ಆರನೆಯದು ದೊಡ್ಡದರದ್ದು. ಮೊದಲೆರಡು ಪದರಗಳನ್ನು ನಿಧಾನವಾಗಿ ಏರಿಸಿ, ಜೊತೆಗೇ ಕಾಳು ತಗ್ಗಿಸುವ ಗುಂಡಿಯನ್ನೂ ಸ್ವಲ್ಪ ಏರಿಸಿ. ಪಟ್ಟೆಗಳು ಎದ್ದು ಬರುವುದನ್ನು ನೋಡುವಾಗ ಆಗುವ ಖುಷಿ ದೊಡ್ಡದು.

ಇನ್ನೊಂದು ದಾರಿ ಡಿಕಾನ್ವಲ್ಯೂಷನ್. ಚುಕ್ಕೆ ಹೇಗೆ ಹಿಗ್ಗಿದೆ ಅಂತ ತಿಳಿದರೆ ಆ ಹಿಗ್ಗನ್ನು ಲೆಕ್ಕದಿಂದ ಹಿಂದಕ್ಕೆ ಸರಿಸಬಹುದು. 1972ರಲ್ಲಿ ರಿಚರ್ಡ್‌ಸನ್, 1974ರಲ್ಲಿ ಲೂಸಿ ಬೇರೆ ಬೇರೆಯಾಗಿ ಕಂಡುಕೊಂಡ ವಿಧಾನ ಇದು. 1990ರಲ್ಲಿ ಹಬಲ್ ಟೆಲಿಸ್ಕೋಪ್ ದೋಷವಿದ್ದ ಕನ್ನಡಿಯೊಂದಿಗೆ ಮೇಲೆ ಹೋದಾಗ, 1993ರಲ್ಲಿ ಗಗನಯಾತ್ರಿಗಳು ಅದನ್ನು ಸರಿಪಡಿಸುವ ತನಕ ವಿಜ್ಞಾನಿಗಳಿಗೆ ಇಂಥ ಲೆಕ್ಕಗಳೇ ಆಸರೆ. ಸಿರಿಲ್ ಅನ್ನುವ ಉಚಿತ ತಂತ್ರಾಂಶದಲ್ಲಿ ಇದು ಸಿಗುತ್ತದೆ. ಹತ್ತು ಸುತ್ತಿನಿಂದ ಶುರುಮಾಡಿ.

ನಿಲ್ಲಿಸಬೇಕಾದ ಗುರುತುಗಳು ಇವು: ಗ್ರಹದ ಅಂಚಿನೊಳಗೆ ಇನ್ನೊಂದು ತೆಳು ಅಂಚು ಮೂಡುವುದು, ಚಂದ್ರನ ಕುಳಿಗಳ ಸುತ್ತ ಕಪ್ಪು ಗೆರೆ ಬರುವುದು, ಶನಿಯ ಉಂಗುರದಲ್ಲಿ ಇಲ್ಲದ ಸೀಳುಗಳು ಕಾಣುವುದು. ಇವು ಲೆಕ್ಕ ಹುಟ್ಟಿಸಿದ ಸುಳ್ಳು ವಿವರ. ಒಂದು ಕಲೆ ನಿಜವೋ ಸುಳ್ಳೋ ಅಂತ ಅನುಮಾನ ಬಂದರೆ ಒಂದೇ ಉಪಾಯ. ಒಂದರ ಹಿಂದೆ ಒಂದು ಎರಡು ವಿಡಿಯೋ ತೆಗೆದಿರಿ, ಎರಡನ್ನೂ ಬೇರೆ ಬೇರೆ ಸೇರಿಸಿ, ಒಂದೇ ರೀತಿ ಶಾರ್ಪ್ ಮಾಡಿ. ಎರಡರಲ್ಲೂ ಇರುವುದು ಬಹುತೇಕ ನಿಜ, ಮೇಲೆ ಹೇಳಿದ ಅಂಚಿನ ಗೆರೆಗಳು ಮಾತ್ರ ಎರಡರಲ್ಲೂ ಬರಬಹುದು. ಒಂದರಲ್ಲಿ ಮಾತ್ರ ಇರುವುದನ್ನು ನಂಬಬೇಡಿ. ಮೊಬೈಲಿನ ಕೃತಕ ಬುದ್ಧಿಮತ್ತೆ ತಾನಾಗಿ ಸೇರಿಸುವ ವಿವರ ಇರುತ್ತದಲ್ಲ, ಅದನ್ನು ಪೂರ್ತಿ ಆಫ್ ಮಾಡಿ. ನೋಡಲು ಚೆಂದ ಇರಬಹುದು, ಅದು ಗುರುವಿನ ಚಿತ್ರ ಆಗುವುದಿಲ್ಲ.

ಅಭ್ಯಾಸಕ್ಕೆ ಚಂದ್ರನೇ ಸರಿ. ಅಲ್ಲಿ ಒಂದು ಆರ್ಕ್‌ಸೆಕೆಂಡ್ ಅಂದರೆ ಸುಮಾರು 1.9 ಕಿ.ಮೀ. ಅಷ್ಟಮಿ ಕಳೆದ ಮೇಲೆ ಪ್ಲೇಟೋ ಅನ್ನುವ ನೂರು ಕಿ.ಮೀ. ಅಗಲದ ಕುಳಿ ಬೆಳಕಿಗೆ ಬರುತ್ತದೆ. ಅದರ ನುಣುಪಾದ ನೆಲದಲ್ಲಿ ಎರಡು ಕಿ.ಮೀ.ಯಷ್ಟರ ಪುಟ್ಟ ಕುಳಿಗಳಿವೆ. ಅವುಗಳಲ್ಲಿ ಎಷ್ಟು ಸಿಕ್ಕವು ಅನ್ನುವುದು ಆ ರಾತ್ರಿಯ ಗಾಳಿಗೂ ನಿಮ್ಮ ಕೆಲಸಕ್ಕೂ ನೇರ ಅಳತೆ.

ನೀಹಾರಿಕೆ ತೆಗೆಯುವವರಿಗೆ

ಇಲ್ಲಿ ಫ್ರೇಮುಗಳು ಉದ್ದ, ಆದ್ದರಿಂದ ಮಿಲಿಸೆಕೆಂಡಿನ ಆಯ್ಕೆ ನಡೆಯುವುದಿಲ್ಲ. ಟೆಲಿಸ್ಕೋಪ್ ನಕ್ಷತ್ರಗಳನ್ನು ಸರಿಯಾಗಿ ಹಿಂಬಾಲಿಸುವುದು ಮುಖ್ಯ. ಅದಕ್ಕೆ ಸ್ಟ್ಯಾಂಡಿನ ತಿರುಗುವ ಅಕ್ಷವನ್ನು ಧ್ರುವ ನಕ್ಷತ್ರದ ಕಡೆಗೆ ಹೊಂದಿಸಬೇಕು. ನಮ್ಮಲ್ಲಿ ಧ್ರುವ ನಕ್ಷತ್ರ ದಿಗಂತದಿಂದ 14 ಡಿಗ್ರಿ ಮಾತ್ರ ಮೇಲಿರುತ್ತದೆ. ಉತ್ತರಕ್ಕೆ ಬೆಟ್ಟವೋ ಪಕ್ಕದ ಮನೆಯೋ ಇದ್ದರೆ ಕಾಣುವುದೇ ಇಲ್ಲ, ಜಾಗ ಆರಿಸುವಾಗಲೇ ನೋಡಿಕೊಳ್ಳಿ. ಎರಡು ನಿಮಿಷದ ಒಂದು ಫ್ರೇಮಿಗಿಂತ 15 ಸೆಕೆಂಡಿನ ಎಂಟು ಫ್ರೇಮ್ ತೆಗೆದು, ನಕ್ಷತ್ರ ಉಬ್ಬಿದ ಫ್ರೇಮುಗಳನ್ನು ಸಿರಿಲ್‌ನಲ್ಲಿ ಬಿಸಾಡಿದರೆ ಚಿತ್ರ ಬಿಗಿಯಾಗುತ್ತದೆ.

ಬರೆದಿಡಿ

ಪ್ರತಿ ವಿಡಿಯೋಗೆ ದಿನಾಂಕ, ಸಮಯ, ಕನ್ನಡಿಯ ಅಳತೆ, ಫಿಲ್ಟರ್, ಆ ರಾತ್ರಿ ಗಾಳಿ ಹೇಗಿತ್ತು ಅನ್ನುವುದಕ್ಕೆ ಹತ್ತರಲ್ಲಿ ಒಂದು ಅಂಕ, ಇಷ್ಟನ್ನು ಬರೆದಿಡಿ. ಸಮಯವನ್ನು ಅಂತರರಾಷ್ಟ್ರೀಯ ಸಮಯದಲ್ಲಿ ಹಾಕಿ, ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದರೆ ಸಿಗುತ್ತದೆ. 2009ರ ಜುಲೈ 19ರಂದು ಗುರುವಿನ ಮೇಲೆ ಏನೋ ಬಂದು ಅಪ್ಪಳಿಸಿದ ಕಪ್ಪು ಕಲೆಯನ್ನು ಮೊದಲು ಕಂಡವರು ಆಸ್ಟ್ರೇಲಿಯಾದ ಹವ್ಯಾಸಿ ಆಂಥನಿ ವೆಸ್ಲಿ, ತಮ್ಮ ಮನೆಯ ಟೆಲಿಸ್ಕೋಪಿನಲ್ಲಿ. ಅಂಥದ್ದೇನಾದರೂ ನಿಮ್ಮ ವಿಡಿಯೋದಲ್ಲಿ ಸಿಕ್ಕರೆ ವಿಜ್ಞಾನಿಗಳು ಮೊದಲು ಕೇಳುವುದು ಸಮಯವನ್ನು, ಆಮೇಲೆ ಮೂಲ ವಿಡಿಯೋವನ್ನು. ಜಾಗ ಸಾಲದು ಅಂತ ಮೂಲ ಫೈಲುಗಳನ್ನು ಅಳಿಸುವ ಮುಂಚೆ ಒಮ್ಮೆ ಪೂರ್ತಿ ನೋಡಿ ಅಳಿಸಿ.